ಕ್ಯಾನ್ಸರ್ ಕೋಶ ತಾನೇ ಬ್ರೇಕ್ ಹಾಕಿದಾಗ

ಫಾಸ್ಫಟೇಸ್ ಅಂದ್ರೆ ಬ್ರೇಕು, ಅಷ್ಟೇ ಅಂದ್ಕೊಂಡಿದ್ದೆ ನಾನು. ಅಣುಗಳಿಗೆ ಅಂಟಿದ ಫಾಸ್ಫೇಟ್ ಕಿತ್ತು, ಕೋಶಕ್ಕೆ ‘ಬೆಳೆ’ ಅನ್ನೋ ಸಿಗ್ನಲ್ ಆರಿಸೋ ಕಿಣ್ವ. 1997ರಲ್ಲಿ ಪಿಟೆನ್ ಅನ್ನೋ ಫಾಸ್ಫಟೇಸ್ ಪತ್ತೆಯಾದಾಗಲೂ ಕಥೆ ಅದೇ: ಸ್ತನದ ಗಡ್ಡೆಗಳಲ್ಲಿ ಈ ಬ್ರೇಕ್ ಕೆಟ್ಟಿತ್ತು.

2018ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ತಂಡ ಇನ್ನೊಂದು ಮುಖ ತೋರಿಸಿತು. ಗಡ್ಡೆಯಿಂದ ಕಳಚಿದ ಕೋಶ ಸಾಯಬೇಕು. ಆದರೆ ಸ್ತನ ಕ್ಯಾನ್ಸರ್ ಕೋಶ ಪಿಎಚ್‌ಎಲ್‌ಪಿಪಿ2 ಅನ್ನೋ ಫಾಸ್ಫಟೇಸ್ ಹೆಚ್ಚಿಸಿಕೊಂಡು, ಬೆಳವಣಿಗೆಯ ಎಕೆಟಿ ಸಿಗ್ನಲ್ ಇಳಿಸಿ, ಜೀವ ಹಿಡಿದುಕೊಳ್ಳುತ್ತೆ. ಕೆ.ಆರ್.ಪುರಂ ಬ್ರಿಡ್ಜ್ ಜಾಮಲ್ಲಿ ಇಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸ್ತೀವಲ್ಲ, ಹಾಗೆ! ಮತ್ತೆ ಎಲ್ಲಾದರೂ ಅಂಟಿಕೊಂಡರೆ ಎಕೆಟಿ ಆನ್. ಅದಕ್ಕೂ ಇನ್ನೊಂದು ಫಾಸ್ಫಟೇಸ್ ಬೇಕು.

ಪಿಎಚ್‌ಎಲ್‌ಪಿಪಿ2 ತಗ್ಗಿಸಿದಾಗ, ಕಳಚಿದ ಕೋಶಗಳು ಹೆಚ್ಚು ಸತ್ತವು. ಕ್ಯಾನ್ಸರ್ ಹರಡೋದೂ ಕುಗ್ಗಿತು.