ಎರಡು ಕಟ್ಟಡಗಳ ನಡುವೆ ಗಾಜಿನ ಎಳೆ

ಎರಡು ಕಟ್ಟಡಗಳಲ್ಲಿ ಹರಡಿರುವ ಕಚೇರಿಯ ಗಣಕಜಾಲಗಳನ್ನು ತಾಮ್ರದ ಕೇಬಲ್‌ನಿಂದ ಜೋಡಿಸುವುದು ಸಲ್ಲದು. ಈಥರ್ನೆಟ್‌ನಲ್ಲಿ ಅದರ ಮಿತಿ 100 ಮೀಟರ್. ಮೇಲಾಗಿ ಸಿಡಿಲಿನ ಆಘಾತವನ್ನು ಅದು ಯಂತ್ರಗಳವರೆಗೆ ತರಬಲ್ಲದು. ಆಪ್ಟಿಕಲ್ ಫೈಬರಿನ ಗಾಜು ವಿದ್ಯುತ್ತನ್ನು ಒಯ್ಯದು. ಎಂಡೋಸ್ಕೋಪಿನಲ್ಲಿ ಜಠರದೊಳಕ್ಕೆ ಬೆಳಕನ್ನು ಕೊಂಡೊಯ್ಯುವ ಸಂಪೂರ್ಣ ಆಂತರಿಕ ಪ್ರತಿಫಲನವೇ ಇಲ್ಲಿ ಮಾಹಿತಿಯನ್ನು ಸಾಗಿಸುತ್ತದೆ.

ಜೋಡಿ ಎಳೆಗಳ ಎರಡು ತುದಿಗಳಲ್ಲಿಯೂ ಸ್ವಿಚ್‌ಗೆ ಒಂದೇ ತರಂಗಾಂತರದ ಎಸ್‌ಎಫ್‌ಪಿ ಮಾಡ್ಯೂಲ್ ಬೇಕು. ಒಂದರ ಪ್ರೇಷಕವು ಇನ್ನೊಂದರ ಗ್ರಾಹಕಕ್ಕೆ ಸೇರಬೇಕು. ತುದಿಯನ್ನು ಎಂದಿಗೂ ದಿಟ್ಟಿಸಬಾರದು: ಕಾಣದ ಅವಕೆಂಪು ಬೆಳಕು ಕಣ್ಣಿಗೆ ಹಾನಿ ಮಾಡಬಲ್ಲದು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಚಿತ್ರ ತಡವಾದರೆ ಚಿಕಿತ್ಸೆಯೂ ತಡವಾಗುತ್ತದೆ. ಆದ್ದರಿಂದ ಬೇರೊಂದು ಹಾದಿಯಲ್ಲಿ ಎರಡನೆಯ ಕೇಬಲ್ ಇರುವುದು ಲೇಸು. ಆದರೆ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆ ಚಾಲನೆಯಲ್ಲಿರಲೇಬೇಕು. ಇಲ್ಲವಾದರೆ ಆ ಎರಡು ಹಾದಿಗಳು ಕುಣಿಕೆಯಾಗಿ, ರಕ್ಷಣೆಗೆಂದು ಎಳೆದ ಕೇಬಲ್ಲೇ ಇಡೀ ಜಾಲವನ್ನು ಸ್ತಬ್ಧಗೊಳಿಸುತ್ತದೆ.