ಸೀಟಿನ ದುಡ್ಡು ಯಾರು ಕೊಡ್ತಾರೆ? ಹುಡುಗಿಯರ ಫಾರ್ಮುಲಾ ರೇಸಿನ ಮೂರು ಓಪನಿಂಗ್ ರೌಂಡ್‌ಗಳು

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕ್ಕೊಂಡು ಕೇಳ್ತಾ ಇದ್ದೀರಾ? ಹಾಗಾದ್ರೆ ಟೈಮ್ ಇದೆ, ಪೂರ್ತಿ ಕೇಳಿ.

ಮೊನ್ನೆ ಅಕ್ಕನ ಮಗಳನ್ನ ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾಗೆ ಕರ್ಕೊಂಡು ಹೋಗಿದ್ದೆ. ಯಲಹಂಕ ಕಡೆಯವರಿಗೆ ಗೊತ್ತಿರುತ್ತೆ, ನ್ಯಾಷನಲ್ ಕಾರ್ಟಿಂಗ್ ರೇಸ್‌ಗಳೂ ನಡೆಯೋ ಟ್ರ್ಯಾಕ್ ಅದು. ಹತ್ತು ವರ್ಷದ ಹುಡುಗಿ, ಹೆಲ್ಮೆಟ್ ತೆಗೆದವಳೇ ಕೇಳಿದ್ಳು: "ಮಾಮ, ದೊಡ್ಡವಳಾದ ಮೇಲೆ ನಾನು ಇದನ್ನೇ ಮಾಡ್ತೀನಿ ಅಂದ್ರೆ?" ನಾನು ಬಿಕಾಂ ಓದಿದವನು. ನನ್ನ ತಲೆಗೆ ಮೊದಲು ಬಂದಿದ್ದು ಒಂದೇ ಪ್ರಶ್ನೆ. ದುಡ್ಡು ಯಾರು ಕೊಡ್ತಾರೆ?

ಇವತ್ತಿನ ಎಪಿಸೋಡ್ ಆ ಪ್ರಶ್ನೆಯ ಇತಿಹಾಸ.

ಮೊದಲು ಸ್ವಲ್ಪ ಬೇಸಿಕ್ಸ್. ಫಾರ್ಮುಲಾ ಒನ್ ಅನ್ನೋದು ಏಣಿಯ ಕೊನೆಯ ಮೆಟ್ಟಿಲು. ಕೆಳಗೆ ಕಾರ್ಟಿಂಗ್, ಆಮೇಲೆ ಒಂದೇ ಸೀಟಿನ ಫಾರ್ಮುಲಾ 4, ಫಾರ್ಮುಲಾ 3, ಫಾರ್ಮುಲಾ 2. ಹೆಣ್ಣುಮಕ್ಕಳು ಬರಬಾರದು ಅಂತ ನಿಯಮ ಏನೂ ಇಲ್ಲ. 1958ರಲ್ಲೇ ಇಟಲಿಯ ಮರಿಯಾ ತೆರೇಸಾ ದೆ ಫಿಲಿಪ್ಪಿಸ್ ಎಫ್1 ರೇಸ್ ಓಡಿಸಿದ್ರು. 1975ರಲ್ಲಿ ಲೆಲ್ಲಾ ಲೊಂಬಾರ್ಡಿ ಸ್ಪೇನ್‌ನಲ್ಲಿ ಆರನೇ ಸ್ಥಾನಕ್ಕೆ ಬಂದ್ರು. ಆ ರೇಸ್ ಅರ್ಧಕ್ಕೇ ನಿಂತಿದ್ದರಿಂದ ಸಿಕ್ಕಿದ್ದು ಅರ್ಧ ಪಾಯಿಂಟ್. ಎಫ್1 ಇತಿಹಾಸದಲ್ಲಿ ಮಹಿಳೆಯೊಬ್ಬರು ಗಳಿಸಿದ ಪಾಯಿಂಟ್ ಇವತ್ತಿಗೂ ಅದೊಂದೇ. 1976ರ ಆಸ್ಟ್ರಿಯಾ ರೇಸ್‌ನಲ್ಲಿ ಲೊಂಬಾರ್ಡಿ ಕೊನೆಯ ಸಲ ಓಡಿಸಿದ್ರು. ಅದಾದ ಮೇಲೆ ಎಫ್1 ರೇಸ್ ಶುರು ಮಾಡಿದ ಇನ್ನೊಬ್ಬ ಮಹಿಳೆ ಇಲ್ಲ. ಬಾಗಿಲು ತೆರೆದೇ ಇತ್ತು, ಆದ್ರೆ ಅಲ್ಲಿವರೆಗೂ ಏಣಿ ಹತ್ತೋಕೆ ಬೇಕಾದ ಸ್ಪಾನ್ಸರ್ ದುಡ್ಡು ಹುಡುಗಿಯರ ಕಡೆ ಬರ್ತಾ ಇರಲಿಲ್ಲ.

ಈಗ ಮೊದಲನೇ ಓಪನಿಂಗ್ ರೌಂಡ್. 2019ರ ಮೇ 4, ಜರ್ಮನಿಯ ಹಾಕೆನ್‌ಹೈಮ್. ಡಬ್ಲ್ಯೂ ಸಿರೀಸ್ ಅನ್ನೋ ಮಹಿಳೆಯರದ್ದೇ ರೇಸ್ ಸರಣಿ ಶುರುವಾಯ್ತು. ಎಲ್ಲರಿಗೂ ಒಂದೇ ಥರದ ಕಾರು, ಸೀಟು ಪೂರ್ತಿ ಉಚಿತ. ಗೆದ್ದವರು ಬ್ರಿಟನ್‌ನ ಜೇಮಿ ಚಾಡ್ವಿಕ್. ಇಲ್ಲಿ ನಮಗೆ ಹತ್ತಿರದ ಒಂದು ವಿಷಯ ಇದೆ. ಅದಕ್ಕೆ ಮೂರು ತಿಂಗಳು ಮುಂಚೆ, ಫೆಬ್ರುವರಿಯಲ್ಲಿ, ಇದೇ ಚಾಡ್ವಿಕ್ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಎಂಆರ್‌ಎಫ್ ಚಾಲೆಂಜ್ ಚಾಂಪಿಯನ್ ಆಗಿದ್ರು, ಹುಡುಗರ ಜೊತೆಗೇ ಸ್ಪರ್ಧಿಸಿ. ಆ ಪಟ್ಟ ಗೆದ್ದ ಮೊದಲ ಮಹಿಳೆ ಅವರು. ಬೆಂಗಳೂರಿಂದ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ತಲುಪೋ ಜಾಗ ಅದು!

ಆದ್ರೆ ಡಬ್ಲ್ಯೂ ಸಿರೀಸ್ ಲೆಕ್ಕ ಕೂಡಿ ಬರಲಿಲ್ಲ. ಖರ್ಚೆಲ್ಲ ಸಂಘಟಕರದ್ದೇ, ಆದಾಯ ಸಾಲಲಿಲ್ಲ. 2022ರ ಸೀಸನ್ ದುಡ್ಡಿಲ್ಲದೆ ಮಧ್ಯದಲ್ಲೇ ನಿಂತುಹೋಯ್ತು. ನಡೆದ ಮೂರೂ ಸೀಸನ್ ಗೆದ್ದ ಚಾಡ್ವಿಕ್ ಮುಂದಿನ ವರ್ಷ ಅಮೆರಿಕದ ಇಂಡಿ ನೆಕ್ಸ್ಟ್‌ಗೆ ಹೋದ್ರು.

ಎರಡನೇ ಓಪನಿಂಗ್ ರೌಂಡ್, 2023ರ ಏಪ್ರಿಲ್ ಕೊನೆ, ಆಸ್ಟ್ರಿಯಾದ ಸ್ಪೀಲ್‌ಬರ್ಗ್. ಈ ಸಲ ಫಾರ್ಮುಲಾ ಒನ್ ಸಂಸ್ಥೆಯೇ ಮುಂದೆ ಬಂದು ಎಫ್1 ಅಕಾಡೆಮಿ ಶುರು ಮಾಡ್ತು. 15 ಹುಡುಗಿಯರು, ಫಾರ್ಮುಲಾ 4 ಮಟ್ಟದ ಕಾರು. ಮೊದಲ ರೇಸ್ ಗೆದ್ದಿದ್ದು ಸ್ಪೇನ್‌ನ ಮಾರ್ತಾ ಗಾರ್ಸಿಯಾ. ಹಾಕೆನ್‌ಹೈಮ್‌ನ ಆ ಮೊದಲ ರೇಸ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದಿದ್ದವರೂ ಇವರೇ. ಇನ್ನೊಂದು ಗಮನಿಸಿ. ಲೊಂಬಾರ್ಡಿ 1976ರಲ್ಲಿ ಕೊನೆಯ ಎಫ್1 ರೇಸ್ ಓಡಿಸಿದ್ದೂ ಇದೇ ಜಾಗದ ಹಳೇ ಟ್ರ್ಯಾಕ್‌ನಲ್ಲಿ. ಅಲ್ಲಿಂದ ಇಲ್ಲಿಗೆ 47 ವರ್ಷ.

ಈ ಸಲ ಸೀಟು ಫ್ರೀ ಇರಲಿಲ್ಲ. ಒಂದು ಕಾರಿಗೆ ಎಫ್1 ಸಂಸ್ಥೆಯ ಕಡೆಯಿಂದ 1,50,000 ಯೂರೋ, ಅಷ್ಟೇ ಮೊತ್ತ ಡ್ರೈವರ್ ಕಡೆಯಿಂದ. ನಮ್ಮ ಲೆಕ್ಕದಲ್ಲಿ ಸುಮಾರು 1.35 ಕೋಟಿ ರೂಪಾಯಿ. ಅದರ ಜೊತೆ ಒಂದು ದೊಡ್ಡ ಎಡವಟ್ಟು: ಸ್ಪೀಲ್‌ಬರ್ಗ್ ರೇಸ್‌ಗಳು ಲೈವ್ ಬರಲೇ ಇಲ್ಲ. ಆ ಸೀಸನ್‌ನಲ್ಲಿ ಲೈವ್ ಬಂದಿದ್ದು ಅಕ್ಟೋಬರ್‌ನ ಕೊನೆಯ ರೌಂಡ್ ಮಾತ್ರ. ಯೋಚನೆ ಮಾಡಿ. ಹುಡುಗಿ ಸ್ಪಾನ್ಸರ್ ಹತ್ರ ಹೋಗಿ ದುಡ್ಡು ಕೇಳ್ಬೇಕು, "ನಿಮ್ಮ ಹೆಸರು ಎಲ್ಲಿ ಕಾಣುತ್ತೆ?" ಅಂದ್ರೆ ಏನು ಹೇಳ್ತಾಳೆ?

ಮೂರನೇದು 2024ರ ಮಾರ್ಚ್, ಸೌದಿಯ ಜೆದ್ದಾ. ಈಗ ಎಫ್1 ರೇಸ್ ನಡೆಯೋ ವಾರಾಂತ್ಯದಲ್ಲೇ, ಅದೇ ಟ್ರ್ಯಾಕ್‌ನಲ್ಲಿ, ಲೈವ್. ಹತ್ತೂ ಎಫ್1 ತಂಡಗಳು ತಲಾ ಒಬ್ಬ ಹುಡುಗಿಯ ಕಾರಿಗೆ ತಮ್ಮ ಬಣ್ಣ ಕೊಟ್ಟವು. ಹೆಂಗಸರು ಕಾರು ಓಡಿಸೋಕೆ 2018ರ ಜೂನ್‌ವರೆಗೂ ಅನುಮತಿ ಇಲ್ಲದಿದ್ದ ದೇಶದಲ್ಲಿ, ಅಲ್ಲಿನವರೇ ಆದ ರೀಮಾ ಜುಫ್ಫಾಲಿ ಕೂಡ ಅತಿಥಿ ಡ್ರೈವರ್ ಆಗಿ ರೇಸ್ ಮಾಡಿದ್ರು. ಎರಡನೇ ರೇಸ್‌ನಲ್ಲಿ ದೋರಿಯಾನ್ ಪಿನ್ ಮೊದಲು ಬಂದ್ರೂ, ರೇಸ್ ಮುಗಿದಿದ್ದು ಗೊತ್ತಾಗದೆ ಇನ್ನೊಂದು ಲ್ಯಾಪ್ ಅದೇ ಸ್ಪೀಡಲ್ಲಿ ಓಡಿಸಿಬಿಟ್ರು. ಪೆನಾಲ್ಟಿ ಬಿತ್ತು, ಗೆಲುವು ಅಬ್ಬಿ ಪುಲ್ಲಿಂಗ್‌ಗೆ ಹೋಯ್ತು. ಆ ವರ್ಷದ ಚಾಂಪಿಯನ್ ಪುಲ್ಲಿಂಗ್, ಬಹುಮಾನ ಮುಂದಿನ ಮೆಟ್ಟಿಲಲ್ಲಿ ಖರ್ಚಿಲ್ಲದ ಸೀಟು. 2025ರಲ್ಲಿ ಪಿನ್ ಚಾಂಪಿಯನ್ ಆದ್ರು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಡಬ್ಲ್ಯೂ ಸಿರೀಸ್‌ನಲ್ಲಿ ಸೀಟು ಫ್ರೀ ಇತ್ತು, ಸರಣಿ ಉಳಿಯಲಿಲ್ಲ. ಸ್ಪೀಲ್‌ಬರ್ಗ್‌ನಲ್ಲಿ ದುಡ್ಡು ಇತ್ತು, ನೋಡೋ ಜನ ಇರಲಿಲ್ಲ. ಜೆದ್ದಾದಲ್ಲಿ ಜನ ನೋಡಿದ್ರು, ತಂಡಗಳೂ ಬಂದವು. ಹುಡುಗಿಯರ ಸ್ಪೀಡ್ ಬಗ್ಗೆ ಎಷ್ಟೇ ಚರ್ಚೆ ನಡೆದ್ರೂ, ಸರಣಿ ಉಳಿಯುತ್ತಾ ಇಲ್ವಾ ಅಂತ ತೀರ್ಮಾನ ಮಾಡಿದ್ದು ಈ ಲೆಕ್ಕವೇ.

ನಮ್ಮ ಊರಲ್ಲಿ ಪ್ರತಿಭೆಗೆ ಬರ ಇಲ್ಲ. ಬೈಕ್‌ನಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲೇ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು ತೋರಿಸಿದ್ದಾರೆ. ಆದ್ರೆ ಎಫ್1 ಅಕಾಡೆಮಿ ಶುರುವಾಗೋದು 16ನೇ ವಯಸ್ಸಿಗೆ, ಕಾರ್ಟಿಂಗ್ ಶುರುವಾಗೋದು ಎಂಟು-ಹತ್ತಕ್ಕೆ. ಮಧ್ಯದ ಆ ವರ್ಷಗಳ ಬಿಲ್ ಬಹುತೇಕ ಅಪ್ಪ-ಅಮ್ಮನದ್ದೇ.

ಅಕ್ಕನ ಮಗಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಸೀಸನ್‌ನ ಮೊದಲ ರೇಸ್ ಇಬ್ಬರೂ ಕೂತು ಲೈವ್ ನೋಡೋದು ಅಂತ ಮಾತ್ರ ಮಾತಾಗಿದೆ. ನೀವೂ ನೋಡಿ. ಇನ್ನೊಬ್ಬರು ನೋಡ್ತಿದ್ದಾರೆ ಅನ್ನೋದೂ ಆ ಲೆಕ್ಕದಲ್ಲಿ ಸೇರುತ್ತೆ.

ಮುಂದಿನ ವಾರ ಸಿಗೋಣ. ಹೆಲ್ಮೆಟ್ ಮರೀಬೇಡಿ.