ಬಾಲಸಂಧಿವಾತವೂ ದವಡೆಯ ಚಿಕಿತ್ಸೆಯೂ

ಸಂಧಿವಾತವು ಮುಪ್ಪಿನ ವ್ಯಾಧಿಯೆಂದೇ ಬಹುಜನರ ಎಣಿಕೆ. ಆದರೆ ಎಳೆಯ ಮಕ್ಕಳ ಕೀಲುಗಳನ್ನೂ ಅದು ಹಿಡಿಯುವದುಂಟು. ಲಂಡನ್ ನಗರದ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ತರುಣ ವೈದ್ಯರು 22 ಮಕ್ಕಳನ್ನು ಪರಿಶೀಲಿಸಿ, ದೊಡ್ಡವರ ಸಂಧಿವಾತದಿಂದ ಭಿನ್ನವಾದ ಬಗೆಯೊಂದು ಮಕ್ಕಳಲ್ಲಿ ಇರುವದೆಂದು 1897ರಲ್ಲಿ ಪ್ರಕಟಿಸಿದರು.

ಈ ರೋಗದಲ್ಲಿ ದವಡೆಯ ಗತಿಯು ವಿಲಕ್ಷಣವಾದುದು. ಮೊಣಕಾಲು ಊದಿದರೆ ತಾಯಿಯ ಕಣ್ಣಿಗೆ ಬೀಳುವದು; ಕಿವಿಯ ಮುಂದಣ ದವಡೆಯ ಕೀಲಾದರೋ ಅನೇಕ ವೇಳೆ ನೋವನ್ನೂ ಊತವನ್ನೂ ತೋರದೆ ಒಳಗೊಳಗೇ ಬೇಯುತ್ತಿರುವದು. ಕೆಳದವಡೆಯನ್ನು ಬೆಳೆಯಿಸುವ ಮೃದ್ವಸ್ಥಿಯು ಆ ಕೀಲಿನ ತುದಿಯಲ್ಲಿಯೇ, ತೆಳ್ಳನೆಯ ಹೊದಿಕೆಯ ಕೆಳಗೆ ಇರುವದರಿಂದ, ಉರಿಯೂತವು ಬೆಳವಣಿಗೆಗೇ ಅಡ್ಡಬರುವದು. ಗದ್ದವು ಹಿಂದೆ ಉಳಿಯುವದು. ಒಂದೇ ಪಕ್ಕದ ಕೀಲು ಕೆಟ್ಟರೆ ಮೋರೆಯು ಓರೆಯಾಗುವದು. 'ಹನು'ವೆಂದರೆ ದವಡೆ, ವಜ್ರಾಯುಧದ ಪೆಟ್ಟಿನಿಂದ ದವಡೆ ಸೊಟ್ಟಗಾದ ಆಂಜನೇಯನಿಗೆ ಹನುಮಂತನೆಂಬ ಹೆಸರು ಬಂದ ಕಥೆಯನ್ನು ವಾಚಕರು ಬಲ್ಲರು. ವೀರನಿಗೆ ಭೂಷಣವಾದ ಆ ಗುರುತು ಶಾಲೆಗೆ ಹೋಗುವ ಬಾಲಿಕೆಗೆ ಕಣ್ಣೀರು ತರಿಸುವದು.

ದಂತವೈದ್ಯರು ಇಲ್ಲಿಗೆ ಬಂದುದು ಬೇರೊಂದು ದಾರಿಯಿಂದ. 20ನೆಯ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ವಿಗ್ಗೊ ಆಂಡ್ರೆಸೆನ್ ಎಂಬವರು ತಮ್ಮ ಮಗಳ ಹಲ್ಲುಗಳಿಗಾಗಿ ಬಾಯಲ್ಲಿ ಸಡಿಲವಾಗಿ ನಿಲ್ಲುವ ಸಾಧನವನ್ನು ರಚಿಸಿದರು. ಅದರಿಂದ ಬೆಳೆದ 'ಆಕ್ಟಿವೇಟರ್' ಕೆಳದವಡೆಯನ್ನು ಮುಂದಕ್ಕೆ ಹಿಡಿದು ಬೆಳವಣಿಗೆಗೆ ದಾರಿತೋರುವದು. ಮುಂದೆ ಅದನ್ನೇ ಸಂಧಿವಾತದ ಮಕ್ಕಳಿಗೂ ಬಳಸಲಾಯಿತು. ಡೆನ್ಮಾರ್ಕಿನ ಆರ್ಹುಸ್ ನಗರದ ವೈದ್ಯರು ಕೆಳಹಲ್ಲುಗಳ ಮೇಲೆ ಕೂಡುವ ಫಲಕವೊಂದನ್ನು ರೂಢಿಗೆ ತಂದರು. ರೋಗವಿರುವ ಪಕ್ಕದಲ್ಲಿ ಅದನ್ನು ಕಾಲಕಾಲಕ್ಕೆ ಸ್ವಲ್ಪಸ್ವಲ್ಪವೇ ಎತ್ತರಿಸುತ್ತ ಹೋಗುವರು.

ಆದರೆ ಸಾಧನವು ಉರಿಯನ್ನು ಆರಿಸಲಾರದು. ಅದಕ್ಕೆ ಔಷಧವೇ ಬೇಕು. ಅಮೇರಿಕ ಮತ್ತು ಸೋವಿಯತ್ ವೈದ್ಯರು ಕೂಡಿ ನಡೆಸಿದ ಪ್ರಯೋಗವು ಮೆಥೊಟ್ರೆಕ್ಸೇಟಿನ ಗುಣವನ್ನು 1992ರಲ್ಲಿ ತೋರಿಸಿತು. ಎಟನರ್ಸೆಪ್ಟಿನ ಪರೀಕ್ಷೆಯ ಫಲವು 2000ದಲ್ಲಿ ಪ್ರಕಟವಾಯಿತು. ಎಂ.ಆರ್.ಐ. ಚಿತ್ರಗಳಾದರೋ ಮರೆಯಲ್ಲಿದ್ದ ಉರಿಯೂತವನ್ನು ಬಯಲಿಗೆ ತಂದವು.

ಇಷ್ಟಾದರೂ ಬಹುಕಾಲ ವೈದ್ಯರು ಅಳೆದುದು ಎಲುಬನ್ನೇ. ಕ್ಷಕಿರಣ ಚಿತ್ರದ ಮೇಲೆ ಗೆರೆಯೆಳೆದು ಕೋನವನ್ನು ಎಣಿಸಿದರು. ಮಗುವಿನ ಬಾಳು ಹೇಗಿದೆಯೆಂದು ಮಗುವನ್ನೇ ಕೇಳುವ ಪದ್ಧತಿಯು ಇತ್ತೀಚಿನ ದಶಕಗಳದ್ದು. ನನಗೆ ಇದೇ ದೊಡ್ಡ ಹೆಜ್ಜೆಯೆಂದು ತೋರುವದು. ಕೋನವು ಎರಡಂಶ ತಿದ್ದಿದರೂ ರೊಟ್ಟಿ ಅಗಿಯಲು ನೋವಾಗುವ ಮಗುವುಂಟು. ಗದ್ದವು ತುಸು ಹಿಂದೆಯೇ ಉಳಿದರೂ ಬಾಯ್ತುಂಬ ನಗುವ ಮಗುವೂ ಉಂಟು. ಆದುದರಿಂದ ಈಗ ಹಲ್ಲನ್ನು ನೋಡುವ ವೈದ್ಯನು, ಆಕಳಿಸುವಾಗ ನೋವಾಗುವದೇ, ಗಟ್ಟಿ ಪದಾರ್ಥವನ್ನು ಬಿಟ್ಟಿರುವೆಯಾ, ಸಾಧನವನ್ನು ಹಾಕಿಕೊಂಡು ಶಾಲೆಗೆ ಹೋಗಲು ಸಂಕೋಚವೇ, ಎಂದು ಕೇಳಿ ಬರೆದುಕೊಳ್ಳುವನು.